ಮಂಜಿದೆ ಎಂದು ಹೇಳಿದ ದಿನ

ಹೊರಡುವ ಮೊದಲು ಸಿನ್ನೊವೆ ಗಂಡನಿಗೆ ಒಂದೇ ಮಾತು ಹೇಳಿದ್ದಳು. "ಅರ್ಧಕ್ಕೆ ಎದ್ದು ಹೋಗೋ ಹಾಗಿಲ್ಲ, ಈವಾರ್. ಎರಡು ದಿನ ಅಂದ್ರೆ ಎರಡು ದಿನ."

"ಎದ್ದು ಎಲ್ಲಿಗೆ ಹೋಗ್ಲಿ ಮಾರಾಯ್ತಿ? ಅದು ದ್ವೀಪ. ದೋಣಿ ಬರೋದೇ ಸಂಜೆಗೆ," ಎಂದು ಈವಾರ್ ನಗಿಸಲು ನೋಡಿದ. ಅವಳು ನಗಲಿಲ್ಲ.

ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಈವಾರ್ ಉತ್ತರ ಸಮುದ್ರದ ನಡುವೆ, ತೈಲ ತೆಗೆಯುವ ಕಟ್ಟೆಯ ಮೇಲೆ ಪಂಪುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಎರಡು ವಾರ ಸಮುದ್ರದಲ್ಲಿ, ನಾಲ್ಕು ವಾರ ಮನೆಯಲ್ಲಿ. ಸಿನ್ನೊವೆ ಫ್ಲೋರೋ ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಒಬ್ಬಳೇ ಮಗಳು ಮಾಲಿನ್ ದೂರದ ಟ್ರೊಮ್ಸೋದಲ್ಲಿ ಓದುತ್ತಿದ್ದಳು. ನೋಡುವವರ ಕಣ್ಣಿಗೆ ಕುಂದಿಲ್ಲದ ಸಂಸಾರ. ಕುಡಿತವಿಲ್ಲ, ಕೂಗಾಟವಿಲ್ಲ, ಇನ್ನೊಬ್ಬ ಹೆಂಗಸಿನ ಸುದ್ದಿಯಿಲ್ಲ. ಐದು ವರ್ಷದ ಹಿಂದೆ ಸಿನ್ನೊವೆಯ ಎಡ ಸ್ತನದಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಸ್ತನವನ್ನೇ ತೆಗೆದರು. ಅವಳು ಬದುಕಿ ಉಳಿದಳು. ಅಲ್ಲಿಂದೀಚೆಗೆ ಈವಾರ್ ಅವಳನ್ನು ಮುಟ್ಟಿರಲಿಲ್ಲ. ಬೆಳಿಗ್ಗೆ ಕಾಫಿ ಮಾಡಿಡುತ್ತಿದ್ದ, ಚಳಿಗಾಲದಲ್ಲಿ ಅವಳ ಕಾರಿನ ಮೇಲಿನ ಹಿಮ ಕೆರೆದು ಇಂಜಿನ್ ಬಿಸಿಮಾಡಿಡುತ್ತಿದ್ದ. ಆದರೆ ಅವಳು ಬಟ್ಟೆ ಬದಲಿಸಲು ನಿಂತರೆ ಏನೋ ನೆನಪಾದವನಂತೆ ಕೋಣೆ ಬಿಟ್ಟು ಹೋಗುತ್ತಿದ್ದ.

ಊರಿನ ಕುಟುಂಬ ಸಲಹಾ ಕಚೇರಿಗೆ ಒಂದು ವರ್ಷ ಎಡತಾಕಿದ್ದರು. ಸಲಕ್ಕೆ ಒಂದೇ ಗಂಟೆ. ಕೋಟು ಕಳಚಿ ಕೂತು, ಗಂಟಲು ಸರಿಮಾಡಿಕೊಂಡು, ಇನ್ನೇನು ಮಾತು ಹೊರಬೀಳಬೇಕು ಎನ್ನುವಾಗ ಹೊತ್ತು ಮುಗಿದಿರುತ್ತಿತ್ತು. ಮುಂದಿನ ಸಲಕ್ಕೆ ಈವಾರ್ ಸಮುದ್ರದಲ್ಲಿರುತ್ತಿದ್ದ. ಕೊನೆಗೆ ಕಚೇರಿಯವರೇ ಹೆರ್ಡಿಸ್ ಎಂಬಾಕೆಯ ಹೆಸರು ಹೇಳಿದರು. ಅರವತ್ತು ದಾಟಿದ ಹೆಂಗಸು. ದ್ವೀಪದ ಹಳೆಯ ಶಾಲೆಯ ಕಟ್ಟಡದಲ್ಲಿ ಒಂದು ಸಲಕ್ಕೆ ಒಂದೇ ಜೋಡಿಯನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ, ಎರಡು ದಿನ; ರಾತ್ರಿ ಅಲ್ಲೇ ಅತಿಥಿಗಳ ಕೋಣೆಯಲ್ಲಿ.

ಮೊದಲ ದಿನ ಈವಾರ್ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೋಯಿತು. ಹೆರ್ಡಿಸ್ ಇಬ್ಬರಿಗೂ ಬಾಗಿಲಲ್ಲಿ ಶೂ ಬಿಚ್ಚಿಸಿ, ಕಿಟಕಿಯ ಬಳಿಯ ಎರಡು ಕುರ್ಚಿಯಲ್ಲಿ ಕೂರಿಸಿ, ಹಳೆಯದನ್ನೆಲ್ಲ ಕೇಳಿದಳು. ಮೊದಲು ಎಲ್ಲಿ ನೋಡಿದ್ದು, ಯಾರು ಮೊದಲು ಮಾತಾಡಿದ್ದು.

"ಇವನಲ್ಲ, ಇವನ ನಾಯಿ," ಎಂದಳು ಸಿನ್ನೊವೆ. "ಬಂದರಿನಲ್ಲಿ ನನ್ನ ಚೀಲದಲ್ಲಿದ್ದ ಮೀನು ಕಚ್ಕೊಂಡು ಓಡ್ತು. ಇವನು ಅದರ ಹಿಂದೆ, ನಾನು ಇವನ ಹಿಂದೆ."

"ಮೀನು ವಾಪಸ್ ಕೊಟ್ಟೆ."

"ಅರ್ಧ ಕೊಟ್ಟೆ."

ಮೂವರೂ ನಕ್ಕರು. ಸಿನ್ನೊವೆ ಹಾಗೆ ತಲೆ ಹಿಂದೆ ಮಾಡಿ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ, ಈವಾರ್‌ಗೆ ಎದೆ ಹಗುರಾಯಿತು. ತನ್ನೊಳಗೆ ಐದು ವರ್ಷದಿಂದ ಕಟ್ಟಿಟ್ಟುಕೊಂಡದ್ದೊಂದಿದೆ, ಅದನ್ನು ನಾಳೆ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅವನಿಗೆ ಅನ್ನಿಸಿತು.

ಎರಡನೆಯ ದಿನ ಹೆರ್ಡಿಸ್ ಕುರ್ಚಿಗಳನ್ನು ಎದುರುಬದುರು ತಿರುಗಿಸಿದಳು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. "ಇವತ್ತು ನನಗೆ ಹೇಳೋದು ಬೇಡ," ಎಂದಳು. "ಒಬ್ಬರಿಗೊಬ್ಬರು ಹೇಳ್ಕೊಳ್ಳಿ. ಸಿನ್ನೊವೆ, ನೀವು ಶುರು ಮಾಡಿ."

ಸಿನ್ನೊವೆ ತಲೆಯೆತ್ತಿದಳು. "ನಾನು ಬಟ್ಟೆ ಬಿಚ್ಚಿದ್ರೆ ನೀನು ರೂಮಲ್ಲಿ ಇರಲ್ಲ. ಅಸಹ್ಯ ಆಗತ್ತೆ ಅಂತ ಒಂದು ಸಲ ಬಾಯಿಬಿಟ್ಟು ಹೇಳು, ಈವಾರ್. ನಾನೇನು ಸಾಯಲ್ಲ. ಇಷ್ಟು ವರ್ಷ ಅದೇ ಅಂತ ತಿಳ್ಕೊಂಡೇ ಬದುಕಿದೀನಿ."

"ಅಸಹ್ಯ ಅಲ್ಲ."

"ಮತ್ತೆ?"

ಒಂದು ಗಂಟೆಯ ಭೇಟಿಯಾಗಿದ್ದರೆ ಇಷ್ಟರಲ್ಲಿ ಯಾರಾದರೂ ಗಡಿಯಾರ ನೋಡುತ್ತಿದ್ದರು. ಇಲ್ಲಿ ಮುಂದೆ ಇನ್ನೂ ಆರು ಗಂಟೆ ಹೊತ್ತು ಬಿದ್ದಿತ್ತು.

"ನಿನ್ನ ಆಪರೇಷನ್ ದಿನ," ಎಂದ ಈವಾರ್, "ಮಂಜು ಇರಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. "ಯಾವ ಮಂಜು?"

"ಕಟ್ಟೆಯಿಂದ ಹೆಲಿಕಾಪ್ಟರ್ ಹಾರ್ತು. ಬೆಳಿಗ್ಗೆ ಏಳಕ್ಕೇ ಹಾರ್ತು. ಹತ್ತು ಗಂಟೆಗೆ ನಾನು ಆಸ್ಪತ್ರೆ ಹತ್ರ ಕಾರು ನಿಲ್ಲಿಸಿದ್ದೆ. ಒಳಗೆ ಬರೋಕೆ ಆಗ್ಲಿಲ್ಲ. ಬಾಗಿಲ ಹಿಡಿ ಮೇಲೆ ಕೈ ಇಡ್ತೀನಿ, ತೆಗೆಯೋಕೆ ಆಗ್ತಿಲ್ಲ. ನೀನು ಸತ್ತೋಗ್ತೀಯ ಅಂತ ಹೆದರಿದ್ದೆ. ಮಂಜು, ಹೆಲಿಕಾಪ್ಟರ್ ಹಾರಲ್ಲ ಅಂತ ನಿನಗೆ ಮೆಸೇಜ್ ಮಾಡಿದ್ದು ಆ ಕಾರಲ್ಲಿ ಕೂತ್ಕೊಂಡೇ. ಆಮೇಲೆ ನಿನ್ನ ಗಾಯ ನೋಡಿದಾಗೆಲ್ಲ ಅದೇ ಕಾರು ನೆನಪಾಗತ್ತೆ. ಅದಕ್ಕೇ ಎದ್ದು ಹೋಗ್ತೀನಿ. ನಿನ್ನ ಮೈ ನೋಡಿ ಅಲ್ಲ. ನಾಚಿಕೆ. ನನ್ನ ಬಗ್ಗೆ ನನಗೇ ನಾಚಿಕೆ."

ಹೇಳಿ ಮುಗಿಸಿದಾಗ ಅವನು ಅಳುತ್ತಿದ್ದ. ಇಷ್ಟು ವರ್ಷದ ಭಾರ ಇಳಿದ ಅಳು. ಕೈ ಚಾಚಿದ. ಸಿನ್ನೊವೆ ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ.

"ಎಷ್ಟು ಹೊತ್ತು ಕೂತಿದ್ದೆ?"

"ಐದರ ತನಕ."

"ಏಳು ಗಂಟೆ." ಗಣಿತ ಹೇಳಿಕೊಡುವವಳಿಗೆ ಲೆಕ್ಕ ತಡವಾಗಲಿಲ್ಲ. "ಹನ್ನೆರಡಕ್ಕೆ ನನ್ನನ್ನ ಒಳಗೆ ಕರ್ಕೊಂಡು ಹೋದ್ರು. ಮಂಜು ಸರಿದು ನನ್ನ ಗಂಡ ಬಂದ್ರೆ ಮುಖ ಒಂದು ಸಲ ನೋಡಿ ಬರ್ತೀನಿ ಅಂತ ಅರ್ಧ ಗಂಟೆ ಕಾಯಿಸಿದೆ ಅವರನ್ನ. ಕಿಟಕಿಯಿಂದ ನೋಡಿದ್ರೆ ಬಿಸಿಲು. ಮಂಜೆಲ್ಲಿ ಅಂತ ನರ್ಸ್ ಹತ್ರ ಕೇಳ್ದೆ. ಸಮುದ್ರದ ಮೇಲೆ ಬೇರೆ ಥರ ಇರತ್ತಮ್ಮ ಅಂದ್ಲು. ಪಾಪ ಅವಳು." ಉಸಿರು ತೆಗೆದುಕೊಂಡಳು. "ಏನು ಮಾಡ್ತಿದ್ದೆ ಕಾರಲ್ಲಿ?"

"ಏನೂ ಇಲ್ಲ."

"ಏಳು ಗಂಟೆ ಏನೂ ಇಲ್ವಾ?"

"ನಿನಗೆ ಅಂತ ಬನ್ನು ತಂದಿದ್ದೆ. ಮೇಲೆ ತೆಂಗಿನಕಾಯಿ ಹಾಕಿರ್ತಾರಲ್ಲ, ಅದು." ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. "ಅದನ್ನ ತಿಂದೆ."

ಸಿನ್ನೊವೆ ನಕ್ಕಳು. ಆ ನಗು ಕೇಳಿ ಹೆರ್ಡಿಸ್ ಕೂಡ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

"ಎಚ್ಚರ ಆದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ಮುಖ ಬಾಡಿತ್ತು. ನಾನೇ ಸಮಾಧಾನ ಮಾಡ್ದೆ ನಿನಗೆ. ಎದೆ ಕತ್ತರಿಸಿಕೊಂಡು ಮಲಗಿರೋಳು ನಾನು, 'ಪಾಪ, ಎಷ್ಟು ಒದ್ದಾಡಿದ್ಯೋ ಅಲ್ಲಿ' ಅಂತ ನಿನ್ನ ತಲೆ ಸವರಿದೆ. ಅಕ್ಕನಿಗೆ, ಶಾಲೇಲಿ ಎಲ್ಲರಿಗೂ ಈ ಮಂಜಿನ ಕತೆ ಹೇಳಿದೀನಿ. ನನ್ನ ಗಂಡ ಬರೋಕೆ ಪ್ರಾಣ ಬಿಡ್ತಿದ್ದ, ಮಂಜು ಬಿಡ್ಲಿಲ್ಲ ಅಂತ."

"ಸಿನ್ನೊವೆ, ಅವತ್ತೇ ಹೇಳ್ಬೇಕಿತ್ತು—"

"ಅವತ್ತೇ ಹೇಳಿದ್ದಿದ್ರೆ ಬೈತಿದ್ದೆ. ಒಂದು ವಾರ ಮಾತು ಬಿಡ್ತಿದ್ದೆ. ಅಲ್ಲಿಗೆ ಮುಗೀತಿತ್ತು. ಹೆದರಿದ್ದಕ್ಕೆ ಯಾರು ಯಾರನ್ನ ಬಿಟ್ಟು ಹೋಗ್ತಾರೆ?" ಅವಳ ದನಿ ಏರಲಿಲ್ಲ, ಒಡೆಯಲೂ ಇಲ್ಲ. "ನಾಚಿಕೆ ಆಗಿದ್ದು ನಿನಗೆ. ನಾನು ಹೇಸಿಕೊಂಡಿದ್ದು ನನ್ನ ಮೈಯನ್ನ. ಐದು ವರ್ಷ ಕನ್ನಡಿಗೆ ಟವೆಲ್ ಮುಚ್ಚಿ ಸ್ನಾನ ಮಾಡಿದೀನಿ. ನೀನು ಆ ಟವೆಲ್ ದಿನಾ ನೋಡ್ತಿದ್ದೆ. ಯಾಕೆ ಅಂತ ನಿನಗೆ ಗೊತ್ತಿತ್ತು."

ಗೊತ್ತಿತ್ತು. ಈವಾರ್ ತಲೆ ತಗ್ಗಿಸಿದ.

ಮಧ್ಯಾಹ್ನ ಹೆರ್ಡಿಸ್ ಮೀನಿನ ಸೂಪು, ಬ್ರೆಡ್ಡು ಬಡಿಸಿದಳು. ಸಿನ್ನೊವೆ ಹಸಿದವಳಂತೆ ಎರಡು ಬಟ್ಟಲು ಕುಡಿದಳು. ಈವಾರ್‌ಗೆ ಚಮಚ ಎತ್ತಲಾಗಲಿಲ್ಲ. ಹೊರಗೆ ಮೇ ತಿಂಗಳ ಗಾಳಿಯಲ್ಲಿ ಒಣಹಾಕಿದ್ದ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಊಟವಾದ ಮೇಲೆ ಮತ್ತೆ ಕೂತರು. ಅವನು ಬೇಡಿಕೊಂಡ, ಅತ್ತ, ಸಮುದ್ರದ ಕೆಲಸ ಬಿಡುತ್ತೇನೆಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಎರಡೂವರೆಗೆ ಹೆರ್ಡಿಸ್ ಮೆತ್ತಗೆ ಕೇಳಿದಳು:

"ಇನ್ನೂ ಒಂದೂವರೆ ಗಂಟೆ ಇದೆ. ಏನು ಮಾಡೋಣ ಅಂತ ನೀವಿಬ್ಬರೇ ಹೇಳಿ."

"ಮಾಲಿನ್‌ಗೆ ಹೇಗೆ ಹೇಳೋದು ಅಂತ ಯೋಚಿಸೋಣ," ಎಂದಳು ಸಿನ್ನೊವೆ.

ಈವಾರ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನು ಹೆರ್ಡಿಸ್‌ಳ ಕಡೆ ತಿರುಗಿದ. ಆಕೆ ಏನಾದರೂ ಮಾಡಲಿ, ಏನಾದರೂ ಹೇಳಲಿ ಎಂದು. ಆಕೆಯ ಕಣ್ಣಲ್ಲಿ ನೀರಿತ್ತು. "ಈವಾರ್," ಎಂದಳು, "ನಿಮ್ಮ ಹೆಂಡತಿ ನಿಮ್ಮ ಹತ್ರ ಒಂದು ಸಹಾಯ ಕೇಳ್ತಿದಾರೆ."

ಆ ಒಂದೂವರೆ ಗಂಟೆ ಕೆಲಸ ಮಾಡಿದಷ್ಟು ಹೊಂದಿಕೊಂಡು ಅವರಿಬ್ಬರೂ ಐದು ವರ್ಷದಲ್ಲಿ ಏನನ್ನೂ ಮಾಡಿರಲಿಲ್ಲ. ಫೋನಿನಲ್ಲಿ ಹೇಳಬಾರದು, ರಜೆಗೆ ಬಂದಾಗ ಇಬ್ಬರೂ ಎದುರಿಗೆ ಕೂತು ಹೇಳಬೇಕು. ಬೇರೆಯಾಗುವ ಮಾತನ್ನು ಸಿನ್ನೊವೆ ಹೇಳುತ್ತಾಳೆ, ಆಸ್ಪತ್ರೆಯ ಹೊರಗಿನ ಕಾರಿನ ಮಾತನ್ನು ಈವಾರ್ ತಾನೇ ಹೇಳುತ್ತಾನೆ. ಅವನು ಒಂದು ವಾಕ್ಯ ಅನ್ನುವುದು, ಅವಳು ತಿದ್ದುವುದು. ಅವಳು ಗಡುಸಾಗಿ ಅಂದದ್ದನ್ನು ಅವನು ಮೃದು ಮಾಡುವುದು. ನಡುವೆ ಒಂದು ಸಲ ಅವನು ಮೈಮರೆತು "ನಾವು" ಎಂದ. ಕೂಡಲೇ ತಾನೇ ತಿದ್ದಿಕೊಂಡ.

ದೋಣಿಗೆ ಹೊರಡುವ ಮುನ್ನ ಅತಿಥಿಗಳ ಕೋಣೆಯಲ್ಲಿ ಬಟ್ಟೆ ತುಂಬಿಕೊಳ್ಳುತ್ತಿದ್ದಾಗ ಸಿನ್ನೊವೆ ಅಂಗಿ ಕಳಚಿದಳು. ಈವಾರ್‌ನ ಕಾಲು ಅಭ್ಯಾಸದಂತೆ ಬಾಗಿಲ ಕಡೆ ತಿರುಗಿತು. ಅವನು ನಿಂತುಕೊಂಡ. ಅವಳು ಅವನಿಗೆದುರಾಗಿ ನಿಂತಳು. ಎಡಗಡೆ ಸಪಾಟು ಚರ್ಮ, ಅದರ ಮೇಲೆ ಓರೆಯಾಗಿ ಒಂದು ಗೆರೆ. ಕೆಂಪೆಲ್ಲ ಹೋಗಿ ಬೆಳ್ಳಗಾಗಿತ್ತು. ಅದು ಕೆಂಪಿದ್ದಾಗ ಅವನು ಸರಿಯಾಗಿ ನೋಡಿಯೇ ಇರಲಿಲ್ಲ.

"ಇಷ್ಟೇ," ಎಂದಳು.

"ಮುಟ್ಲಾ?"

ಅವಳು ನಿಜವಾಗಿ ಯೋಚಿಸಿದಳು. ಅದು ಅವನಿಗೆ ಕಾಣಿಸಿತು. "ಬೇಡ," ಎಂದು ಬೇರೆ ಅಂಗಿ ತೊಟ್ಟು ಗುಂಡಿ ಹಾಕಿಕೊಂಡಳು.

ಜೂನ್ ಕೊನೆಗೆ ಮಾಲಿನ್ ಬಂದಳು. ಅಡುಗೆಮನೆಯ ಮೇಜಿನ ಮುಂದೆ ಮೂವರೂ ಕೂತರು. ಸಿನ್ನೊವೆ ತನ್ನ ಪಾಲಿನದನ್ನು ಹೇಳಿದಳು. ಈವಾರ್ ದ್ವೀಪದಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತುಗಳನ್ನು ಒಂದೂ ತಪ್ಪದೆ ಹೇಳಿದ. ಮಾಲಿನ್ ಅವನನ್ನೇ ನೋಡುತ್ತಿದ್ದಳು.

"ನಾನು ಬರ್ತೀನಿ ಅಂದಿದ್ದೆ, ಅಪ್ಪ," ಎಂದಳು.

"ಎಲ್ಲಿಗೆ ಪುಟ್ಟಿ?"

"ಆಸ್ಪತ್ರೆಗೆ. ಹಿಂದಿನ ದಿನ ನೀನು ಸಮುದ್ರದಿಂದ ಫೋನ್ ಮಾಡಿದ್ದೆ. 'ಅಮ್ಮನ ಹತ್ರ ನಾನಿರ್ತೀನಿ, ನೀನು ಪರೀಕ್ಷೆ ತಪ್ಪಿಸಬೇಡ' ಅಂತ ನೀನೇ ಅಂದೆ. ನನಗಾಗ ಹದಿನಾರು ವರ್ಷ. ನೀನು ಹೇಳಿದ್ದಕ್ಕೆ ಹೋಗ್ಲಿಲ್ಲ. ಮಂಜು ಅಂತ ಗೊತ್ತಾದಾಗ ಅಮ್ಮ ಒಳಗೆ ಹೋಗಿ ಆಗಿತ್ತು. ಅವಳನ್ನ ಒಬ್ಬಳೇ ಬಿಟ್ಟೆ ಅಂತ ನಾನು ಇವತ್ತಿಗೂ—"

ಆ ಫೋನು ಈವಾರ್‌ಗೆ ಮರೆತೇ ಹೋಗಿತ್ತು. ಸಿನ್ನೊವೆಗೆ ಗೊತ್ತೇ ಇರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಮಗಳ ಪಕ್ಕಕ್ಕೆ ಹೋಗಿ ಅವಳ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದಳು. ಇಬ್ಬರೂ ಅತ್ತರು. ಮೇಜಿನ ಈ ಕಡೆ ಈವಾರ್ ಎರಡೂ ಕೈ ಮುಂದಿಟ್ಟುಕೊಂಡು ಕೂತೇ ಇದ್ದ. ಇರು ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.