ದಂಡಿನ ಸ್ವಾಮೇರು

ನನ್ನ ಮಗ ಮಹಾಲಿಂಗಯ್ಯ ಮೈಸೂರಿನ ಕುದುರೆ ದಂಡಿನೊಡನೆ ಈಜಿಪ್ಟಿಗೆ ಹೋದವನು ಜ್ವರ ಬಂದು ಅಲ್ಲಿಯೇ ತೀರಿಕೊಂಡ. ಸರ್ಕಾರದ ಕಾಗದದಲ್ಲಿ ಅವನ ಹೆಸರಿನ ಮುಂದೆ ಲ್ಯಾನ್ಸ್ ದಫೇದಾರ್ ಎಂಬ ಸಣ್ಣ ಹುದ್ದೆಯಿತ್ತು, ತೀರಿಕೊಂಡ ದಿನವಿತ್ತು. ನನಗೆ ಬೇಕಾದದ್ದು ಮಾತ್ರ ಇರಲಿಲ್ಲ. ನಮ್ಮಲ್ಲಿ ತೀರಿಕೊಂಡವರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ನನ್ನ ಮಗುವನ್ನು ಹೇಗೆ ಮಾಡಿದರೋ? ಎರಡು ವರ್ಷ ಪೂಜೆಗೆ ಕುಳಿತಾಗಲೆಲ್ಲ ಶಿವನನ್ನು ಇದೊಂದನ್ನೇ ಕೇಳಿದೆ.

ಲಡಾಯಿ ಮುಗಿದ ಮೇಲೆ ಶಿರಾದ ದಸ್ತಗೀರ್ ಎಂಬ ಸವಾರ ದೊಡ್ಡೇರಿಗೆ ನಮ್ಮ ಮನೆ ಹುಡುಕಿಕೊಂಡು ಬಂದ. ಬಲು ಎತ್ತರದ ಆಳು. ಬಾಗಿಲಲ್ಲಿ ತಲೆ ಬಗ್ಗಿಸಿ, "ಸ್ವಾಮೇರ ಮನೆ ಇದೇನಾ?" ಎಂದ.

"ಯಾವ ಸ್ವಾಮೇರಪ್ಪ?"

"ನಿಮ್ಮ ಮಗ, ಅಯ್ನೋರೆ. ದಂಡಲ್ಲಿ ಹೆಸರಿಡಿದು ಯಾರು ಕರೀತಾರೆ? ನಾನು ಒಂಟೆ. ಜಮಾದಾರ್ರು ಗೊರಕೆ ಮಾವ. ನಿಮ್ಮ ಮಗ ಪೂಜೆ ಆಗ್ದೆ ಚಾ ಮುಟ್ತಿರ್ಲಿಲ್ಲ. ಮೊದ್ಲು ಆಡ್ಕೊಳ್ಳೋಕೆ ಸ್ವಾಮೇರೆ ಅಂದ್ವಿ. ಆಮೇಲೆ ನಮ್ಮ ಮೇಲಿನ ರಿಸಾಲ್ದಾರ್ರೂ ಅಂಗೇ ಕರೆಯೋರು."

ಆ ದುಃಖದಲ್ಲೂ ನನಗೆ ನಗು ಬಂತು. ಬಳಿಕ ಕೇಳಿದೆ: "ಮಣ್ಣು ಹೆಂಗೆ ಮಾಡಿದ್ರಪ್ಪ?"

ಅವನು ರುಮಾಲು ಸರಿಮಾಡಿಕೊಂಡ. "ಮೊದ್ಲು ಮಲಗ್ಸೋಕೆ ಅಂತ ಉದ್ದದ ಗುಂಡಿ ತೋಡ್ಸಿದ್ರು. ನಿಮ್ಮಲ್ಲಿ ಕೂರಿಸ್ತಾರೆ ಅಂತ ಸ್ವಾಮೇರೇ ಒಂದಿನ ಹೇಳಿದ್ರು. ಅಂಗೇ ಮಾಡ್ತೀವಿ ಅಂತ ನಾವು ಕೇಳಿದ್ರೆ ಬಿಳಿ ಕಪ್ತಾನ್ರು ಒಪ್ಪಲಿಲ್ಲ. 'ಲ್ಯಾನ್ಸ್ ದಫೇದಾರನಿಗೆ ಬೇರೆ ಕಾನೂನಾ?' ಅಂದ್ರು. ಆಗ ರಿಸಾಲ್ದಾರ್ರು, 'ಸಾಹೇಬ್, ಇವರು ದಂಡಿನ ಸ್ವಾಮೇರು' ಅಂದ್ಬುಟ್ರು. ಕಪ್ತಾನ್ರು ನಮ್ಮ ಕಡೆ ನೋಡಿದ್ರು. ಅಷ್ಟೂ ಜನ ಹೌದು ಅಂದ್ವಿ. ಅವರಿಗೆ ಪಾದ್ರಿ ಇದ್ದಂಗೆ ನಮಗಿವ್ರು ಅಂದ್ಕೊಂಡು ಟೋಪಿ ತೆಗೆದ್ರು. ನಾವೇ ಆಳವಾಗಿ ತೋಡಿ ಕೂರಿಸಿದ್ವಿ."

ಅವನ ದನಿ ಸಣ್ಣದಾಯಿತು. "ಲಿಂಗ ಕಟ್ಟಿದೋರು ಬೇರೆ ಯಾರೂ ಇರ್ಲಿಲ್ಲ. ನಾನೇ ಕೈ ತೊಳ್ಕೊಂಡು ಇಟ್ಟೆ. ತಪ್ಪಾಗಿದ್ರೆ ಮಾಫ್ ಮಾಡ್ಬೇಕು."

ಬಾಗಿಲ ಹಿಂದಿನಿಂದ ಸೊಸೆ ಸರ್ವಮಂಗಳಾ ಕೇಳಿದಳು: "ಯಾವ ಕೈಲಿ ಇಟ್ರಿ, ಅಣ್ಣ?"

"ಎಡಗೈಲಿ, ತಾಯಿ. ದಿನಾ ನೋಡ್ತಿದ್ನಲ್ಲ."

"ಸರಿಯಾಗೈತೆ" ಎಂದಳು. ಒಳಗೆ ಹೋಗಿ ಊಟಕ್ಕೆ ಎರಡು ಎಲೆ ಹಾಕಿದಳು.

ಅನ್ಯಮತದವರ ಪಕ್ಕದಲ್ಲಿ ಕುಳಿತು ಎಂದೂ ಉಂಡವನಲ್ಲ ನಾನು. ಅಂದು ಆ ಸವಾರನ ಕೈಹಿಡಿದು ನಡುಮನೆಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡೆ. ಅವನು ಉಣ್ಣುವುದನ್ನೇ ನೋಡುತ್ತಿದ್ದೆ.