ಫ್ರಿಜ್ಜಿನ ಬಾಗಿಲಲ್ಲಿದ್ದ ಸೀಸೆ

ಫ್ರಿಜ್ಜು ಗುಂಯ್ ಅಂತೈತೆ, ಅಂದ್ರೆ ಕರೆಂಟು ಬಂತು, ಸದ್ಯ ಬದುಕ್ದೆ — ಜಗಲಿ ಮೇಲೆ ಕೂತಿದ್ದರೂ ಚಲುವಮ್ಮನ ಕಿವಿಯೆಲ್ಲ ಒಳಗೆ, ಓನರಮ್ಮ ಗುರುಸಿದ್ದಮ್ಮನ ನಡುಮನೆಯಲ್ಲಿ, ಅಲ್ಲಿ ಫ್ರಿಜ್ಜಿನ ಬಾಗಿಲಲ್ಲಿ, ಮೊಸರಿನ ಡಬ್ಬಿಗೂ ಮಲ್ಲಿಗೆ ಪೊಟ್ಟಣಕ್ಕೂ ನಡುವೆ, ಹೆಬ್ಬೆಟ್ಟಿನಷ್ಟು ಇನ್ಸುಲಿನ್ ಸೀಸೆ, ಅವಳ ಜೀವ ಇರೋದೇ ಅದರೊಳಗೆ, ಅಮ್ಮಾ, ಕೇಳಿಸ್ತಾ, ಎದುರಿಗೆ ಕೂತ ಸರ್ವೆ ಹುಡುಗಿ ಭಾನುಪ್ರಿಯಾ ಟ್ಯಾಬು ಹಿಡಿದು ಮತ್ತೆ ಕೇಳ್ತಾಳೆ, ಸಕ್ಕರೆ ಕಾಯಿಲೆ ಇರೋರಿಗೆ ಮನೆ ಎಷ್ಟು ಭದ್ರ ಅಂತ ಅಳೀತಿದೀವಿ, ಈ ವರ್ಷ ಮನೆ ಬಿಡಬೇಕಾಗುತ್ತೆ ಅಂತ ಭಯ ಆಗಿತ್ತಾ, ಯಾವಾಗಲೂ, ಆಗಾಗ, ಇಲ್ಲವೇ ಇಲ್ಲ?

ಅಯ್ಯೋ ಶಿವನೇ, ಇದನ್ನ ಇಲ್ಲಿ ಕೇಳ್ತೀಯಾ ತಾಯಿ, ಗುರುಸಿದ್ದಮ್ಮ ಕುರ್ಚಿ ಎಳ್ಕೊಂಡು ಪಕ್ಕದಲ್ಲೇ ಕೂತವ್ರೆ, ಸೊಪ್ಪು ಬಿಡಿಸೋ ಕೈ ನಿಂತೋಗೈತೆ, ಹೇಳಿದ್ರೆ ಮಾನ ಹೋಯ್ತದೆ, ಹೇಳ್ದಿದ್ರೆ ಪ್ರಾಣ ಹೋಯ್ತದೆ — ನಮ್ ಮಗ ಅಮೃತೇಶಂಗೆ ಹೆಣ್ಣು ನೋಡ್ತಾ ಇದೀವಿ ಕಣೆ ಚಲುವಿ, ನೀನಿರೋ ಹಿಂದಲ ರೂಮು ಬೇಕಾಗಬೋದು, ಯುಗಾದಿ ದಿನ ಬೇವುಬೆಲ್ಲ ಕೊಡ್ತಾ ಇವ್ರೇ ಅಂದಿದ್ರಲ್ಲ, ಬೆಲ್ಲ ಬಿಟ್ಟು ಬರೀ ಬೇವು ಆರಿಸಿ ತಿಂದಿದ್ದಳು, ಅವತ್ತಿಂದ ನಿದ್ದೆಯಿಲ್ಲ, ಮುಂಚೆ ಇದ್ದ ನರಸೀಪುರದ ಶೀಟಿನ ಮನೆ ಕಣ್ಮುಂದೆ ಬರುತ್ತೆ, ಒದ್ದೆ ಮರಳಿನ ಮಡಕೆಯಲ್ಲಿ ಸೀಸೆ ಹೂತಿಟ್ಟಿದ್ದು, ಆ ಬೇಸಿಗೆಗೆ ಔಷಧಿ ಕೆಟ್ಟಿದ್ದು, ಅದನ್ನೇ ಚುಚ್ಕೊಂಡಿದ್ದು, ಕಾಲಿನ ಗಾಯ ಮಾಯದೆ ಕಿರುಬೆರಳು ಕತ್ತರಿಸಿದ್ದು, ಇನ್ನೊಂದ್ಸಲ ಹಂಗಾದ್ರೆ ಕಾಲೇ ಅಂದಿದ್ರು ಡಾಕ್ಟ್ರು. ಇಲ್ಲಿ ಹೊಸಲಾಚೆ ನಿಂತು ಅವ್ವಾ ಸೀಸೆ ಅಂದ್ರೆ ಸಾಕು, ಸೀರಿಯಲ್ ಮುಗೀಲಿ ಇರೇ ಅಂತಾರೆ, ಆದ್ರೂ ಕೊಡ್ತಾರೆ, ಒಂದಿನ ಇಲ್ಲ ಅಂದೋರಲ್ಲ, ಅದೇ ಕರ್ಮ, ಬೈಯೋಕೂ ಬಾಯಿಲ್ಲ. ಭಯ ಅಂತ ಬಾಯಿಬಿಟ್ರೆ, ಉಂಡ ಮನೆಗೆ ಎರಡು ಬಗೆದಂಗೆ, ಆಮೇಲೆ ಸೀಸೆ?

ಇಲ್ಲ ಕಣವ್ವ, ನಂಗ್ಯಾಕೆ ಭಯ, ಅಂದಳು ಚಲುವಮ್ಮ, ನಕ್ಕಳು ಕೂಡ. ಇಲ್ಲವೇ ಇಲ್ಲ, ಅಂತ ಹುಡುಗಿ ಒತ್ತಿದಳು, ಭದ್ರ ಅಂದಳು, ಬತ್ತೀನಿ ಅಂತ ಎದ್ದಳು. ಗುರುಸಿದ್ದಮ್ಮನ ಮುಖ ಊರಗಲ ಅರಳಿತು, ಒಳಗೆ ಹೋದರು, ಫ್ರಿಜ್ಜಿನ ಬಾಗಿಲು ತೆಗೆದ ಸದ್ದು — ಈಗ್ಯಾಕೆ, ಸೂಜಿ ಹೊತ್ತಲ್ಲವಲ್ಲ — ಬಂದು ಸೀಸೆಯನ್ನ ಜಗಲಿ ಮೇಲಿಟ್ಟರು, ಬಿಸಿಲು ಬಿದ್ದ ಕಡೆ. ಭಯ ಇಲ್ಲ ಅಂದ್ಯಲ್ಲ ಚಲುವಿ, ಎದೆ ಮೇಲಿನ ಕಲ್ಲು ಇಳೀತು ನಂಗೆ, ಹೆಂಗಪ್ಪಾ ಹೇಳೋದು ಅಂತ ಒದ್ದಾಡ್ತಿದ್ದೆ, ಅಮೃತೇಶಂಗೆ ಹೆಣ್ಣು ಗೊತ್ತಾಯ್ತು, ರೂಮು ಬಿಟ್ಕೊಡು, ಗಟ್ಟಿಗಿತ್ತಿ ನೀನು, ಎಲ್ಲಾದ್ರೂ ಸಿಗುತ್ತೆ, ಬೀಗರು ಸ್ವೀಟು ಕಳ್ಸವ್ರೆ, ಫ್ರಿಜ್ಜಲ್ಲಿ ಜಾಗ ಇಲ್ಲ, ನೀನೇ ಇಟ್ಕೊ ಇದ್ನ.

ಕೂಗಬೇಕು, ಆ ಹುಡುಗಿ ಇನ್ನೂ ಗೇಟಲ್ಲೇ ಚಪ್ಪಲಿ ಮೆಟ್ತಾವ್ಳೆ, ತಾಯೀ ತಿದ್ಕೊಳವ್ವ, ಭಯ ಐತೆ, ಯಾವಾಗಲೂ ಅಂತ ಒತ್ತು — ಕೈ ಮೊದಲು ಸೀಸೆಗೆ ಹೋಗ್ತದೆ, ಅಂಗೈಯಲ್ಲಿ ಮುಚ್ಚಿದರೆ ಅಂಗೈ ಬಿಸಿ, ಸೆರಗು ಬಿಸಿ, ಹಿಂದಲ ರೂಮಿನ ಗೋಡೆ ಬಿಸಿ, ಎಲ್ಲಿಡೋದು, ಸೀಸೆ ಬೆವರ್ತಾ ಐತೆ, ಬಿಸಿಲಲ್ಲಿ, ಹೆಬ್ಬೆಟ್ಟಿನಷ್ಟು ಸೀಸೆ