ಒಂದು ಸೇರು ಹುರಿಹಿಟ್ಟು

ಮಾರ್ಗಶಿರದ ಚಳಿ. ಕೈಲಾಂಚದ ರಸ್ತೆಯುದ್ದಕ್ಕೂ ರಾಗಿ ತೆನೆ ಹಾಸಿದ್ದರು. ಕಣ ಮಾಡುವ ಗೋಜೇ ಇಲ್ಲದೆ ಬಸ್ಸು ಲಾರಿಗಳ ಚಕ್ರಗಳೇ ಒಕ್ಕಣೆ ಮಾಡಿಕೊಡುತ್ತಿದ್ದವು. ಮೊದಲ ಬಸ್ಸು ತೆನೆಯ ಮೇಲೆ ಮೆತ್ತಗೆ ಉರುಳಿದಾಗ ಹನುಮಂತಮ್ಮ ಕಿಟಕಿಯಿಂದ ಬಗ್ಗಿ, ಹುಲ್ಲು ಮಗುಚುತ್ತಿದ್ದ ಗಂಡನನ್ನು ಕೂಗಿದಳು.

“ಮದ್ಯಾನ ತೂರಕ್ಕೆ ಬತ್ತೀನಿ, ಒಬ್ರೇ ತೂರ್ಬೇಡಿ!”

“ಓಗಮ್ಮಿ, ನಿನ್ ದೊರೆಗಳು ಕಾಯ್ತಾವ್ರೆ” ಎಂದು ಬೈರಪ್ಪ ನಕ್ಕ.

ಬಿಡದಿ ಕಡೆಯ ಹೊಸ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಮೂವರು ಪರದೇಶದವರು ರಾಮನಗರದ ಗೆಸ್ಟ್ ಹೌಸಿನಲ್ಲಿದ್ದರು. ಅವರ ಬೆಳಗಿನ ತಿಂಡಿ ನೋಡಿಕೊಳ್ಳುವುದು ಹನುಮಂತಮ್ಮನ ಕೆಲಸ. ಸೇರಿ ಮೂರು ವಾರವಾಗಿತ್ತು. ತಿಂಗಳು ತುಂಬಿದರೆ ಕಾಯಂ ಎಂದು ಮ್ಯಾನೇಜರ್ ಅನಂತರಾಜು ಹೇಳಿದ್ದ. ಐವತ್ತು ವರ್ಷ ಹೊಲ, ಹಸು, ರೇಷ್ಮೆ ಹುಳ ಎಂದು ಮನೆಯವರ ಲೆಕ್ಕದಲ್ಲೇ ದುಡಿದವಳಿಗೆ ತನ್ನದೇ ಹೆಸರಿನಲ್ಲಿ ಸಿಕ್ಕ ಮೊದಲ ಕೆಲಸ ಅದು. ಬಸ್ ಪಾಸಿನ ಮೇಲಿದ್ದ ತನ್ನ ಫೋಟೊವನ್ನು ಬೈರಪ್ಪನಿಗೆ ಎರಡು ಸಲ ತೋರಿಸಿದ್ದಳು.

ಮೂವರ ಹೆಸರೂ ಅವಳ ನಾಲಿಗೆಗೆ ಹೊರಳಲಿಲ್ಲ. ತಿನ್ನುವ ರೀತಿ ನೋಡಿ ತಾನೇ ಹೆಸರಿಟ್ಟಳು. ಇಂಗ್ಲೆಂಡಿನವನು ಹಾಲಪ್ಪ. ಕಾರ್ನ್‌ಫ್ಲೇಕ್ಸಿಗೆ ಫ್ರಿಜ್ಜಿನ ಹಾಲು ಸುರಿದು, ಗರಗರ ಸದ್ದು ಅಡಗುವ ಮೊದಲೇ ಮುಗಿಸಬೇಕು ಅವನಿಗೆ. ಮೊದಲ ದಿನ ಅವಳು ಚಳಿಯೆಂದು ಕರುಣೆಯಿಂದ ಬಿಸಿ ಹಾಲು ಹೊಯ್ದಾಗ, ಸತ್ತ ಮೀನು ನೋಡುವಂತೆ ಬಟ್ಟಲು ನೋಡಿದ್ದ. ಸ್ವೀಡನ್ನಿನವನು ಮೊಸರಪ್ಪ. ಅವನೂರಲ್ಲಿ ಹುಳಿ ಬಂದ ಹಾಲಿಗೇ ಕಾರ್ನ್‌ಫ್ಲೇಕ್ಸು ಉದುರಿಸಿಕೊಂಡು ತಿನ್ನುವುದಂತೆ. ಸ್ಕಾಟ್ಲೆಂಡಿನ ವಯಸ್ಸಾದ ಮನುಷ್ಯ ಉಪ್ಪಪ್ಪ. ಓಟ್ಸನ್ನು ಬರೀ ನೀರಲ್ಲಿ ಗಂಜಿ ಕಾಯಿಸಿಕೊಡಬೇಕು. ಸಕ್ಕರೆ ಡಬ್ಬಿಯನ್ನು ದೂರ ತಳ್ಳಿ ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳುತ್ತಿದ್ದ. ಅವನನ್ನು ಕಂಡರೆ ಅವಳಿಗೆ ಹೆಚ್ಚು ಅಕ್ಕರೆ. ಅವಳ ಅಪ್ಪನೂ ರಾಗಿ ಗಂಜಿಗೆ ಉಪ್ಪೇ ಹಾಕಿಕೊಳ್ಳುತ್ತಿದ್ದ.

ಅಂದು ಅವರು ತಿಂದು ಹೋದ ಮೇಲೆ ಡಬ್ಬಗಳನ್ನು ಮುಟ್ಟಿ ನೋಡಿದಳು. ಮಂಜಿಗೆ ಎಲ್ಲಾ ಮೆತ್ತಗಾಗಿತ್ತು. ಮನೆಯಲ್ಲಿ ಕಾಳಿಗೆ ತಂಪು ಹಿಡಿದರೆ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ತೊಳೆದ ಪಂಚೆಯೊಂದನ್ನು ತಾರಸಿಯ ಮೇಲೆ ಹಾಸಿ, ವಾರಕ್ಕಾಗುವಷ್ಟು ಕಾರ್ನ್‌ಫ್ಲೇಕ್ಸು, ಓಟ್ಸು ಎರಡನ್ನೂ ತೆಳ್ಳಗೆ ಹರಡಿ, ಪಾತ್ರೆ ತೊಳೆಯಲು ಇಳಿದಳು. ತಿರುಗಿ ಹತ್ತಿದಾಗ ಬೆಟ್ಟದ ಕಡೆಯಿಂದ ಬಂದ ಹತ್ತೆಂಟು ಕೋತಿಗಳು ಪಂಚೆಯ ಸುತ್ತ ಪಂಕ್ತಿ ಕೂತಿದ್ದವು. ಅವಳು ಪೊರಕೆ ಬೀಸುವಷ್ಟರಲ್ಲಿ ದೊಡ್ಡ ಕೋತಿಯೊಂದು ಪಂಚೆಯನ್ನೂ ಎಳೆದುಕೊಂಡು ಹೋಯಿತು.

“ಏನಮ್ಮಾ ಇದು! ಬಿಸ್ಲಿಗೆ ಆಕಕ್ಕೆ ಅದೇನು ಉಳ್ಳಿ ಕಾಳಾ?” ಅನಂತರಾಜು ಹಣೆ ಹಿಡಿದುಕೊಂಡ.

“ಮೆತ್ತಗಾಗಿತ್ತು ಸಾ. ಒಸಿ ಬಿಸ್ಲು ಕಾಣಿಸಾನ ಅಂತ...”

ಅವನಿಗೆ ನಗು ತಡೆಯಲಾಗಲಿಲ್ಲ. ಮರುಗಳಿಗೆಗೆ ಮುಖ ಗಂಟಿಕ್ಕಿತು. “ನಂಗೆ ನಗು ಬತ್ತೈತೆ, ಮೇಲಿನೋರಿಗೆ ಬರಲ್ಲ. ಇವ್ರು ತಿನ್ನೋ ಡಬ್ಬ ಇಲ್ಲಿ ಅಂಗಡೀಲಿ ಸಿಗಲ್ಲ. ಬೆಂಗ್ಳೂರಿಂದ ಬರೋದು ಇನ್ನು ಸೋಮವಾರಾನೇ.”

“ಇಡ್ಲಿ ಮಾಡ್ಲಾ?”

“ಮೊದ್ಲ ವಾರ ಮೂರು ತಟ್ಟೇನೂ ಅಂಗೇ ವಾಪಸ್ ಬಂದಿದ್ದು ಮರ್ತ್ರಾ? ನೋಡಿ, ನಿಮ್ ಕೆಲ್ಸಕ್ಕೆ ಬೆಂಗ್ಳೂರಿನ ಕ್ಯಾಟರಿಂಗ್‌ನೋನು ಬಾಗ್ಲಲ್ಲೇ ನಿಂತವ್ನೆ. ನಾಳೆ ಮೂವರೂ ತಿಂದು ಸುಮ್ನೆ ಎದ್ರೆ ಬಚಾವ್. ಕಂಪ್ಲೇಂಟ್ ಮೇಲಕ್ಕೆ ಓದ್ರೆ ನನ್ ಕೈಲೇನೂ ಇಲ್ಲ.”

ಊರಿಗೆ ಬರುವ ಬಸ್ಸಿನಲ್ಲಿ ಅವಳು ಒಂದನ್ನೇ ಯೋಚಿಸಿದಳು. ಒಲೆ ಹಚ್ಚದೆ, ಹಾಲಿಗಾದರೆ ಹಾಲಿಗೆ, ಮೊಸರಿಗಾದರೆ ಮೊಸರಿಗೆ, ಉಪ್ಪಿಗೂ ಸರಿ ಎನ್ನುವಂಥದ್ದು ಏನಿದೆ? ಇತ್ತು, ಹುರಿಹಿಟ್ಟು. ಆದರೆ ಅವಳ ಮನೆಯಲ್ಲಿದ್ದದ್ದು ಹೊಸ ರಾಗಿ. ಅದು ಸರಿಯಾಗಿ ಅರಳುವುದಿಲ್ಲ. ಹಳೇ ರಾಗಿಗೆ ಮಜ್ಜಿಗೆ ಚಿಮುಕಿಸಿ, ಕಾದ ಮರಳಿನಲ್ಲಿ ಮಲ್ಲಿಗೆಯಂತೆ ಅರಳಿಸಿ, ಬೀಸಿ ಇಟ್ಟುಕೊಳ್ಳುತ್ತಿದ್ದವಳು ಪಕ್ಕದ ಮನೆಯ ವಾರಗಿತ್ತಿ ಕಾವೇರಮ್ಮ. ಇಬ್ಬರಿಗೂ ಮಾತು ನಿಂತು ಎರಡು ವರ್ಷವಾಗಿತ್ತು.

ಹೊತ್ತು ಮುಳುಗುವ ಮುಂಚೆ ಹನುಮಂತಮ್ಮ ಪಾತ್ರೆ ಹಿಡಿದು ಆ ಬಾಗಿಲಲ್ಲಿ ನಿಂತಳು.

“ಯಾರದು?”

“ನಾನು ಕಣಕ್ಕ.”

“ನಾನು ಅಂದ್ರೆ? ಆ ಗಂಟ್ಲು ಕೇಳಿ ಬಾಳ ದಿನ ಆಯ್ತು.”

ಹನುಮಂತಮ್ಮ ನಡೆದದ್ದನ್ನೆಲ್ಲ ಹೇಳಿದಳು. ಕೋತಿ ಪಂಚೆ ಎಳೆದುಕೊಂಡು ಹೋದದ್ದು ಕೇಳಿ ಕಾವೇರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ತೆಗೆದು ಕೇಳಿದಳು:

“ನನ್ ರೇಸ್ಮೆ ಉಳ ನಾಕ್ನೇ ಜರ ಎದ್ದು, ಪೊರೆ ಕಳ್ಚಿ ಅಸ್ಕೊಂಡು ಬಾಯ್ ಬಿಟ್ಕೊಂಡಿದ್ದಾಗ ನಾಕು ಮೂಟೆ ಇಪ್ನೇರ್ಳೆ ಸೊಪ್ಪು ಕೇಳಿದ್ನಲ್ಲ. ನೆಪ್ಪೈತಾ?”

“ಐತೆ.”

“ಏನಂದೆ?”

“ಬೇರೇರಿಗೆ ಮಾತು ಕೊಟ್ಟಿವ್ನಿ ಅಂದೆ.” ಹನುಮಂತಮ್ಮನ ಕಣ್ಣು ಕೈಯಲ್ಲಿದ್ದ ಪಾತ್ರೆಯ ತಳದಲ್ಲಿತ್ತು. “ಅಂಗನ್ಬಾರ್ದಿತ್ತು ಕಣಕ್ಕ. ಉಳ ಅತ್ತಾಗೆ ಸಾಯ್ತಿದ್ರೆ ನಾನು ಕಾಸು ನೋಡ್ಬುಟ್ಟೆ.”

ಕಾವೇರಮ್ಮ ಒಳಗೆ ಹೋದಳು. ಸೇರಿನ ತುಂಬ ಹಿಟ್ಟು ತಂದು, ಅಂಗೈಯಿಂದ ತಲೆ ಸವರಿ, ಮಟ್ಟಸವಾಗಿ ಅಳೆದು ಸುರಿದಳು. ನೆಂಟರಿಗಾದರೆ ಗೋಪುರ ಬರುವಂತೆ ಅಳೆಯುವುದು ರೂಢಿ. ಸವರಿ ಕೊಡುವುದು ಹೊರಗಿನವರಿಗೆ.

“ಅಸ್ದೋರಿಗೆ ಇಲ್ಲ ಅನ್ನಕ್ಕೆ ನಂಗ್ ಬರಲ್ಲ. ಸಾಲ ಇದು, ಮರೀಬ್ಯಾಡ.”

ಮರುದಿನ ಹನುಮಂತಮ್ಮ ಹಿಟ್ಟನ್ನು ಕಲಸಲಿಲ್ಲ. ಮೂರು ಬಟ್ಟಲಿಗೆ ಒಣ ಹಿಟ್ಟು ಹಾಕಿ, ತಣ್ಣನೆ ಹಾಲು, ಮೊಸರು, ಬಿಸಿನೀರು, ಉಪ್ಪು, ಬೆಲ್ಲದ ಪುಡಿ ಎಲ್ಲವನ್ನೂ ಮೇಜಿನ ಮೇಲಿಟ್ಟು ಗೋಡೆಗೊರಗಿ ನಿಂತಳು. ಹಾಲಪ್ಪ ಒಂದೇ ಸಲ ಹಾಲು ಸುರಿದು ಗಂಟು ಮಾಡಿಕೊಂಡ. ಅವಳೇ ಚಮಚ ತೆಗೆದುಕೊಂಡು ಗಂಟು ಒಡೆದುಕೊಟ್ಟಳು. ಗರಗರ ಸದ್ದಿಲ್ಲದ್ದಕ್ಕೋ ಏನೋ ಅರ್ಧ ಬಿಟ್ಟ. ಎರಡು ಬಾಳೆಹಣ್ಣು ಸುಲಿದುಕೊಂಡು, ದೂರು ಹೇಳದೆ ಎದ್ದ. ಮೊಸರಪ್ಪ ಬೆಲ್ಲ ಹಾಕಿ ಕಲಸಿ ಬಟ್ಟಲು ಒರೆಸಿದಂತೆ ತಿಂದ. ಉಪ್ಪಪ್ಪ ಬಿಸಿನೀರು ಹೊಯ್ದ, ಉಪ್ಪು ಉದುರಿಸಿದ, ಒಂದು ಚಮಚ ಬಾಯಿಗಿಟ್ಟು ನಿಲ್ಲಿಸಿಬಿಟ್ಟ. ಬಾಗಿಲ ಬಳಿ ನಿಂತಿದ್ದ ಅನಂತರಾಜುವಿಗೆ ಏನೋ ಹೇಳಿದ.

“ಏನಂತೆ ಸಾ?”

“ಇಷ್ಟು ದಿನ ಇದ್ನ ಯಾಕೆ ಬಚ್ಚಿಟ್ಟಿದ್ರಿ ಅಂತವ್ನೆ.”

ಸೋಮವಾರ ಹೊಸ ಡಬ್ಬಗಳು ಬಂದವು. ಉಪ್ಪಪ್ಪ ಮಾತ್ರ ಹುರಿಹಿಟ್ಟು ಬಿಡಲಿಲ್ಲ. ತಿಂಗಳು ತುಂಬಿದ ದಿನ ಅನಂತರಾಜು ಕಾಯಂ ಕಾಗದಕ್ಕೆ ಅವಳ ರುಜು ಹಾಕಿಸಿಕೊಂಡ.

ಸಂತೆಯಲ್ಲಿ ಹುಡುಕಿ ಹಳೇ ರಾಗಿ ತಂದ ಹನುಮಂತಮ್ಮ ತಾನೇ ಹುರಿದಳು. ಮೊದಲ ಹುರಿ ಸೀದಿತು, ಎರಡನೆಯದರಲ್ಲಿ ಮರಳು ಉಳಿಯಿತು. ಮೂರನೆಯದನ್ನು ಬೀಸಿ, ಸೇರಿನ ಮೇಲೆ ಗೋಪುರ ಬರುವಂತೆ ತುಂಬಿ, ಗಾಳಿಗೆ ಒಂದು ಕೈ ಅಡ್ಡ ಹಿಡಿದುಕೊಂಡು ಪಕ್ಕದ ಮನೆಗೆ ನಡೆದಳು.

ಕಾವೇರಮ್ಮ ಸೇರಿನ ಮೇಲಿನ ಗೋಪುರ ನೋಡಿದಳು. “ನಾನು ಸವರಿ ಕೊಟ್ಟಿದ್ದೆ.”

“ಗೊತ್ತು.”

ಕಾವೇರಮ್ಮ ತಟ್ಟೆಯೊಂದನ್ನು ಸೇರಿನ ಕೆಳಗೆ ಹಿಡಿದು, ಅಂಗೈಯಿಂದ ಗೋಪುರವನ್ನು ತಟ್ಟೆಗೆ ಸವರಿದಳು. ಸೇರಿನದನ್ನು ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದಳು.

“ಸಾಲ ತೀರ್ತು. ಕೂತ್ಕೋ, ಇದ್ನ ಇಬ್ರೂ ತಿನ್ನಾನ. ಎಂಗೆ ಕಲಸ್ಲಿ, ಬೆಲ್ಲ ಆಕ್ಲಾ?”

ಹನುಮಂತಮ್ಮ ಹೊಸಿಲು ದಾಟಿ ಚಾಪೆಯ ಮೇಲೆ ಕೂತಳು.

“ಉಪ್ಪು ಆಕಕ್ಕ, ಒಸಿ.”